ಆಟದ ನಡುವೆ ಕಾದುಹೋಗುವ ಲ್ಯಾಪ್‌ಟಾಪ್: ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾಗದಂತೆ ಮಾಡುವುದು ಯಾರಿಂದಲೂ ಆಗದ ಕೆಲಸ. ಮಧ್ಯಮ ಬೆಲೆಯ ಒಂದು ಸಾಮಾನ್ಯ ಜೋಡಿಯನ್ನೇ ತೆಗೆದುಕೊಳ್ಳಿ: ಇಂಟೆಲ್‌ನ ಕೋರ್ ಐ5-12450ಎಚ್ ಪ್ರೊಸೆಸರ್ ಮತ್ತು ಎನ್‌ವಿಡಿಯಾದ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್. ಪ್ರೊಸೆಸರ್‌ನ ಮೂಲ ವಿದ್ಯುತ್ ಮಿತಿ 45 ವ್ಯಾಟ್ ಆದರೂ ಟರ್ಬೊ ಸ್ಥಿತಿಯಲ್ಲಿ, ಅಂದರೆ ಮೂಲ ವೇಗವನ್ನು ಮೀರಿ ಓಡುವಾಗ, ಅದು 95 ವ್ಯಾಟ್‌ವರೆಗೆ ಏರಬಲ್ಲದು. ಗ್ರಾಫಿಕ್ಸ್ ಚಿಪ್‌ಗೆ ತಯಾರಕರು 35ರಿಂದ 80 ವ್ಯಾಟ್‌ವರೆಗೆ ತಮಗೆ ಬೇಕಾದ ಮಿತಿಯನ್ನು ಇಟ್ಟಿರುತ್ತಾರೆ. ಈ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು, ಅದೂ ಎರಡು ಬೆರಳು ದಪ್ಪದ ಪೆಟ್ಟಿಗೆಯೊಳಗಿಂದ, ಅಂಗೈಯಗಲದ ಎರಡು ಫ್ಯಾನ್‌ಗಳ ಬಲದಿಂದ. ಆದ್ದರಿಂದ ನಮ್ಮ ಮುಂದಿರುವ ಪ್ರಶ್ನೆ ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆಯೇ ಎಂಬುದಲ್ಲ. ಅದು ಬಿಸಿಯಾಗಿ ವೇಗ ಕಳೆದುಕೊಳ್ಳುತ್ತಿದೆಯೇ, ಹಾಗಿದ್ದರೆ ಶಾಖ ಹೆಚ್ಚು ಹುಟ್ಟುತ್ತಿರುವುದರಿಂದಲೋ ಅಥವಾ ಹುಟ್ಟಿದ ಶಾಖ ಹೊರಗೆ ಹೋಗದಿರುವುದರಿಂದಲೋ ಎಂಬುದು.

ಈ ಎರಡರ ನಡುವಿನ ವ್ಯತ್ಯಾಸವನ್ನು ಅರಿಯದೆ ನೇರವಾಗಿ ಕೂಲಿಂಗ್ ಪ್ಯಾಡ್ (ಲ್ಯಾಪ್‌ಟಾಪ್ ಕೆಳಗಿಡುವ ಫ್ಯಾನಿನ ಹಲಗೆ) ಕೊಳ್ಳುವವರು, ಚಿಪ್ಪಿನ ಶಾಖವನ್ನು ಅದರ ಮೇಲಿನ ತಾಮ್ರದ ಫಲಕಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಲು ಅಂಗಡಿಗೆ ಓಡುವವರು ಬಹಳ ಮಂದಿ. ಹುಟ್ಟುವ ಶಾಖವನ್ನು ಕಡಿಮೆ ಮಾಡಲು ಹಣ ಬೇಕಿಲ್ಲ, ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ. ಆದ್ದರಿಂದ ಕೆಲಸ ಅಲ್ಲಿಂದಲೇ ಶುರುವಾಗಬೇಕು ಎಂಬುದು ಈ ಬರಹದ ನಿಲುವು. ಅದಕ್ಕೂ ಮೊದಲು ಅಳತೆ ಆಗಬೇಕು.

ಅಳೆಯುವುದು

ಕೀಬೋರ್ಡ್ ಮೇಲೆ ಕೈಯಿಟ್ಟು ಉಷ್ಣತೆಯನ್ನು ಅಂದಾಜು ಮಾಡುವುದರಿಂದ ಏನೂ ತಿಳಿಯುವುದಿಲ್ಲ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಅಳವಡಿಸಿಕೊಂಡು, ಸೆನ್ಸರ್ ಮಾತ್ರ ತೋರಿಸುವ ಆಯ್ಕೆಯಲ್ಲಿ ತೆರೆದು, ನೀವು ಸಾಮಾನ್ಯವಾಗಿ ಆಡುವ ಆಟವನ್ನೇ ಅರ್ಧ ಗಂಟೆ ಆಡಿ. ಆಮೇಲೆ ಆಟವನ್ನು ಮುಚ್ಚುವ ಮೊದಲು ಆ ಕಿಟಕಿಗೆ ಬಂದು ಗರಿಷ್ಠ ಮತ್ತು ಸರಾಸರಿ ಅಂಕಣಗಳನ್ನು ನೋಡಿ. ಸಿಪಿಯು (ಪ್ರೊಸೆಸರ್) ಪ್ಯಾಕೇಜ್ ಉಷ್ಣತೆ, ಜಿಪಿಯು (ಗ್ರಾಫಿಕ್ಸ್ ಚಿಪ್) ಉಷ್ಣತೆ, ಎರಡೂ ಎಳೆಯುತ್ತಿರುವ ವ್ಯಾಟ್, ಗಡಿಯಾರದ ವೇಗ (ಚಿಪ್ ಓಡುವ ವೇಗ, ಮೆಗಾಹರ್ಟ್ಸ್‌ನಲ್ಲಿ), ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಿಂದಾಗಿ ಚಿಪ್ ವೇಗ ಇಳಿಸಿಕೊಳ್ಳುವುದು) ಎಂಬ ಸಾಲಿನಲ್ಲಿ ‘ಯೆಸ್’ ಇದೆಯೋ ‘ನೋ’ ಇದೆಯೋ ಎಂಬುದು, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೋಣೆಯ ಉಷ್ಣತೆಯನ್ನೂ ಪಕ್ಕದಲ್ಲೇ ಬರೆಯಿರಿ. ಮೇ ತಿಂಗಳ ಮಧ್ಯಾಹ್ನದ ಅಂಕಿಯನ್ನು ಡಿಸೆಂಬರ್ ರಾತ್ರಿಯ ಅಂಕಿಯೊಂದಿಗೆ ಹೋಲಿಸಿ ‘ಪೇಸ್ಟ್ ಕೆಟ್ಟಿದೆ’ ಎಂದು ತೀರ್ಮಾನಿಸುವುದು ಸುಲಭವಾಗಿ ಆಗುವ ಎಡವಟ್ಟು.

ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಉಷ್ಣತೆಯ ಮಿತಿ 100 ಡಿಗ್ರಿ ಸೆಲ್ಸಿಯಸ್. ಎಎಂಡಿ ರೈಜನ್‌ಗಳಲ್ಲಿ ಮಾದರಿಗೆ ತಕ್ಕಂತೆ 95ರಿಂದ 105ರವರೆಗೆ ಇರುತ್ತದೆ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಚಿಪ್‌ಗಳು ಸಾಮಾನ್ಯವಾಗಿ 87 ಡಿಗ್ರಿಯ ಆಸುಪಾಸಿನಲ್ಲಿ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಮಿತಿ ತಲುಪಿದಾಗ ಚಿಪ್ ಸುಟ್ಟುಹೋಗುವುದಿಲ್ಲ, ತನ್ನನ್ನು ಕಾಪಾಡಿಕೊಳ್ಳಲು ನಿಧಾನವಾಗುತ್ತದೆ; ಅದರಿಂದಲೂ ಉಷ್ಣತೆ ಇಳಿಯದಿದ್ದರೆ ಯಂತ್ರವೇ ಆರಿಹೋಗುತ್ತದೆ. ಆಟದ ವೇಳೆ ಪ್ರೊಸೆಸರ್ 80ರಿಂದ 90ರ ನಡುವೆ, ಗ್ರಾಫಿಕ್ಸ್ ಚಿಪ್ 70ರಿಂದ 80ರ ನಡುವೆ ಇದ್ದರೆ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಪ್ರೊಸೆಸರ್ 97, 98ರಲ್ಲೇ ನಿಂತು, ಹದಿನೈದು ನಿಮಿಷದ ನಂತರ ಫ್ರೇಮ್ ದರ (ಸೆಕೆಂಡಿಗೆ ಬಿಡಿಸುವ ಚಿತ್ರಗಳ ಸಂಖ್ಯೆ) 90ರಿಂದ 45ಕ್ಕೆ ಬಿದ್ದು, ಸ್ವಲ್ಪ ಹೊತ್ತಿಗೆ ಮತ್ತೆ ಏರಿ ಮತ್ತೆ ಬೀಳುತ್ತಿದ್ದರೆ ಮಾತ್ರ ಕೈಹಾಕಬೇಕಾದ ತೊಂದರೆ ಇದೆ ಎಂದರ್ಥ.

ಅಂಕಿಗಳು ಏರುವ ಬಗೆಯೂ ಕಾರಣವನ್ನು ಹೇಳುತ್ತದೆ. ಆಟ ತೆರೆದ ಕೆಲವೇ ಸೆಕೆಂಡುಗಳಲ್ಲಿ ಉಷ್ಣತೆ ಮಿತಿಯನ್ನು ಮುಟ್ಟಿ, ಆ ಹೊತ್ತಿಗೆ ಪ್ರೊಸೆಸರ್ ಎಳೆಯುತ್ತಿರುವುದು 35–40 ವ್ಯಾಟ್ ಮಾತ್ರವೇ ಆಗಿದ್ದರೆ, ಚಿಪ್‌ಗೂ ತಾಮ್ರದ ಫಲಕಕ್ಕೂ ನಡುವಿನ ಸಂಪರ್ಕ ಸರಿಯಿಲ್ಲ, ಅಂದರೆ ಪೇಸ್ಟ್ ಒಣಗಿದೆ ಅಥವಾ ಪಕ್ಕಕ್ಕೆ ಸರಿದಿದೆ. ಅದೇ ಹೊತ್ತಿಗೆ 80–90 ವ್ಯಾಟ್ ಎಳೆಯುತ್ತಿದ್ದರೆ ಪೇಸ್ಟಿನ ತಪ್ಪೇನೂ ಇಲ್ಲ, ಟರ್ಬೊದ ಆತುರ ಅಷ್ಟೆ. ಪ್ರೊಸೆಸರ್‌ನ ಕೋರ್‌ಗಳಲ್ಲಿ (ಲೆಕ್ಕ ಮಾಡುವ ಘಟಕಗಳಲ್ಲಿ) ಒಂದು ಮಾತ್ರ ಉಳಿದವಕ್ಕಿಂತ 15–20 ಡಿಗ್ರಿ ಹೆಚ್ಚು ತೋರಿಸುತ್ತಿದ್ದರೆ ಪೇಸ್ಟ್ ಸಮನಾಗಿ ಹರಡಿಲ್ಲವೆಂಬ ಅನುಮಾನ ಬಲವಾಗುತ್ತದೆ. ಉಷ್ಣತೆ ಮೆಲ್ಲಗೆ, ಇಪ್ಪತ್ತು ನಿಮಿಷಗಳ ಅವಧಿಯಲ್ಲಿ ಏರಿ ನಿಂತರೆ ಗಾಳಿಯ ದಾರಿಯಲ್ಲಿ ಅಡ್ಡಿಯಿದೆ: ಧೂಳು, ಕೆಳಗಿನ ಹಾಸಿಗೆ, ಹಿಂದಿನ ಗೋಡೆ ಅಥವಾ ಬಿಸಿ ಕೋಣೆ. ಇನ್ನು ಉಷ್ಣತೆ 70ರಲ್ಲೇ ಇದ್ದರೂ ಗಡಿಯಾರದ ವೇಗ 400–800 ಮೆಗಾಹರ್ಟ್ಸ್‌ಗೆ ಕುಸಿದು ಅಲ್ಲೇ ಅಂಟಿಕೊಂಡಿದ್ದರೆ, ಅದನ್ನು ಪ್ರೊಸೆಸರ್‌ನ ಶಾಖಕ್ಕೆ ಗಂಟುಹಾಕಬೇಡಿ. ಅಡಾಪ್ಟರ್ ದುರ್ಬಲವಾಗಿರಬಹುದು, ಇಲ್ಲವೇ ಬೋರ್ಡಿನ ಬೇರೊಂದು ಸೆನ್ಸರ್ ಅಪಾಯದ ಸಂಜ್ಞೆ ಕಳುಹಿಸುತ್ತಿರಬಹುದು. 180 ವ್ಯಾಟ್ ಅಡಾಪ್ಟರ್ ಬೇಡುವ ಯಂತ್ರಕ್ಕೆ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಸಿಕ್ಕಿಸಿ ಆಡುವವರಿಗೆ ಈ ಕುಸಿತ ಚೆನ್ನಾಗಿ ಪರಿಚಿತ. ಆಟವನ್ನೇ ತೆರೆಯದೆ, ಸುಮ್ಮನೆ ಇಟ್ಟಾಗಲೂ 70 ದಾಟುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಹಿನ್ನೆಲೆಯಲ್ಲಿ ಪ್ರೊಸೆಸರ್ ತಿನ್ನುತ್ತಿರುವ ಪ್ರೋಗ್ರಾಂ ಯಾವುದೆಂದು ಮೊದಲು ಹುಡುಕಿ.

ಹುಟ್ಟುವ ಶಾಖವನ್ನೇ ಕಡಿಮೆ ಮಾಡುವುದು

ಫ್ರೇಮ್ ದರಕ್ಕೆ ಮಿತಿ ಹಾಕುವುದು ಎಲ್ಲಕ್ಕಿಂತ ಮೊದಲ ಮತ್ತು ಎಲ್ಲಕ್ಕಿಂತ ಫಲಕಾರಿಯಾದ ಹೆಜ್ಜೆ. ಮಿತಿ ಇಲ್ಲದಿದ್ದರೆ ಗ್ರಾಫಿಕ್ಸ್ ಚಿಪ್ ತನ್ನಿಂದ ಸಾಧ್ಯವಾದಷ್ಟೂ ಫ್ರೇಮ್‌ಗಳನ್ನು ಬಿಡಿಸುತ್ತಲೇ ಇರುತ್ತದೆ, ಪರದೆ ಅವನ್ನು ತೋರಿಸಲಿ ಬಿಡಲಿ. ಆಟದ ಮೆನುವಿನಲ್ಲಿ ಸುಮ್ಮನೆ ನಿಂತಾಗಲೂ ಫ್ಯಾನ್ ಅಬ್ಬರಿಸುವುದು ಇದೇ ಕಾರಣಕ್ಕೆ. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಆಟದ ಪರೀಕ್ಷಾ ಆವೃತ್ತಿ ಆಡುವಾಗ ಕೆಲವರ ಆರ್‌ಟಿಎಕ್ಸ್ 3090 ಡೆಸ್ಕ್‌ಟಾಪ್ ಕಾರ್ಡ್‌ಗಳು ಕೆಟ್ಟುಹೋದಾಗ, ಮೂಲ ದೋಷ ಕಾರ್ಡಿನದ್ದೇ ಆಗಿದ್ದರೂ, ಆಟದವರು ಮೆನು ಪರದೆಗೆ ಫ್ರೇಮ್ ಮಿತಿ ಹಾಕುವ ತಿದ್ದುಪಡಿಯನ್ನು ಹೊರಡಿಸಬೇಕಾಯಿತು.

ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಮ್ಯಾನೇಜ್ ತ್ರೀಡಿ ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಎಂಬ ಆಯ್ಕೆ 2020ರ ಜನವರಿಯಿಂದ ಇದೆ. ಎಎಂಡಿಯ ಅಡ್ರಿನಲಿನ್ ತಂತ್ರಾಂಶದಲ್ಲಿ ಅದಕ್ಕೆ ಫ್ರೇಮ್ ರೇಟ್ ಟಾರ್ಗೆಟ್ ಕಂಟ್ರೋಲ್ ಎಂಬ ಹೆಸರು. ಜಿಟಿಎ 5, ರೆಡ್ ಡೆಡ್ ರಿಡೆಂಪ್ಷನ್ 2ರಂಥ ಕಥಾಪ್ರಧಾನ ಆಟಗಳಿಗೆ 60 ಧಾರಾಳವಾಗಿ ಸಾಕು. ವ್ಯಾಲೊರಂಟ್‌ನಂಥ ಪೈಪೋಟಿಯ ಆಟಗಳಿಗೆ ಪರದೆಯ ದರವನ್ನೋ (ಸೆಕೆಂಡಿಗೆ ಎಷ್ಟು ಸಲ ಅದು ಚಿತ್ರ ಬದಲಿಸುತ್ತದೆಂಬುದು, ಹರ್ಟ್ಸ್‌ನಲ್ಲಿ) ಅದಕ್ಕಿಂತ ಎರಡು ಮೂರು ಕಡಿಮೆಯನ್ನೋ ಇಡಿ. 144 ಹರ್ಟ್ಸ್ ಪರದೆಯ ಮೇಲೆ 250 ಫ್ರೇಮ್ ಓಡಿಸಿದರೆ ಪ್ರತಿಕ್ರಿಯೆಯಲ್ಲಿ ತುಸು ಲಾಭವಿದೆಯೆಂದು ಪರಿಣತರು ವಾದಿಸಬಹುದು, ಆದರೆ 97 ಡಿಗ್ರಿಯಲ್ಲಿ ಥ್ರಾಟಲ್ ಆಗಿ ತಡವರಿಸುವ ಯಂತ್ರದಲ್ಲಿ ಆ ಲಾಭ ಉಳಿಯುವುದಿಲ್ಲ.

ಬಹಳ ಜನ ಇಲ್ಲೊಂದು ಸೂಕ್ಷ್ಮವನ್ನು ಗಮನಿಸುವುದಿಲ್ಲ. ಗ್ರಾಫಿಕ್ಸ್ ಗುಣಮಟ್ಟವನ್ನು ‘ಲೋ’ಗೆ ಇಳಿಸಿದ ಮಾತ್ರಕ್ಕೆ ಲ್ಯಾಪ್‌ಟಾಪ್ ತಣ್ಣಗಾಗುವುದಿಲ್ಲ. ಮಿತಿ ಇಲ್ಲದಿದ್ದರೆ ಚಿಪ್ ಅದೇ ವಿದ್ಯುತ್ತಿನಲ್ಲಿ ಇನ್ನೂ ಹೆಚ್ಚು ಫ್ರೇಮ್ ಬಿಡಿಸುತ್ತದೆ, ಆ ಹೆಚ್ಚುವರಿ ಫ್ರೇಮ್‌ಗಳನ್ನು ಸಿದ್ಧಪಡಿಸಲು ಪ್ರೊಸೆಸರ್ ಮತ್ತಷ್ಟು ದುಡಿಯುತ್ತದೆ, ಹೀಗಾಗಿ ಉಷ್ಣತೆ ಇಳಿಯುವ ಬದಲು ಏರುವುದೂ ಉಂಟು. ಮೊದಲು ಮಿತಿ ಹಾಕಿ, ಆಮೇಲೆ ನೆರಳು, ಮಂಜು, ರೇ ಟ್ರೇಸಿಂಗ್ ಮುಂತಾದವನ್ನು ಇಳಿಸಿದರೆ, ಅಥವಾ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಇಲ್ಲವೇ ಎಫ್‌ಎಸ್‌ಆರ್ ಹಚ್ಚಿದರೆ, ಆಗ ಉಳಿತಾಯವೆಲ್ಲ ಶಾಖದ ಇಳಿಕೆಯಾಗಿ ಕೈಗೆ ಸಿಗುತ್ತದೆ.

ಎರಡನೆಯದು ಪ್ರೊಸೆಸರ್‌ನ ಟರ್ಬೊ. ಚಿಪ್ ಎಳೆಯುವ ವಿದ್ಯುತ್ತು ವೇಗಕ್ಕೂ, ವೋಲ್ಟೇಜಿನ ವರ್ಗಕ್ಕೂ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೂ) ಅನುಗುಣವಾಗಿ ಏರುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಪಡೆಯಲು ವೋಲ್ಟೇಜನ್ನು ಬಹಳ ಏರಿಸಬೇಕಾಗುವುದರಿಂದ ಆ ತುದಿಯ ವೇಗ ತುಂಬಾ ದುಬಾರಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನ ಒಳಗೆ, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ಪೂರ್ತಿ ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ನಿಜ, ಉಷ್ಣತೆಯೂ ಕಣ್ಣೆದುರೇ ಇಳಿಯುತ್ತದೆ. ಆದರೆ ಅದರ ಬೆಲೆಯನ್ನೂ ತಿಳಿದಿರಬೇಕು: ಮೇಲೆ ಹೇಳಿದ 12450ಎಚ್‌ನ ದೊಡ್ಡ ಕೋರ್‌ಗಳು 4.4 ಗಿಗಾಹರ್ಟ್ಸ್‌ವರೆಗೆ ಹೋಗಬಲ್ಲವು, ಅವುಗಳ ಮೂಲ ವೇಗ 2 ಗಿಗಾಹರ್ಟ್ಸ್ ಮಾತ್ರ. 60 ಫ್ರೇಮ್‌ಗೆ ಮಿತಿ ಹಾಕಿದ, ಗ್ರಾಫಿಕ್ಸ್ ಚಿಪ್ಪಿನ ಮೇಲೆಯೇ ಭಾರ ಹೇರುವ ಆಟದಲ್ಲಿ ಈ ಇಳಿಕೆ ಹೆಚ್ಚು ತೊಂದರೆ ಕೊಡದಿರಬಹುದು. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಬ್ಲೂಸ್ಟ್ಯಾಕ್ಸ್‌ನಂಥ ಎಮ್ಯುಲೇಟರ್‌ನಲ್ಲಿ ಆಡುವ ಮೊಬೈಲ್ ಆಟಗಳು, ಇವೆಲ್ಲ ಪ್ರೊಸೆಸರ್‌ನ ವೇಗವನ್ನೇ ನೆಚ್ಚಿಕೊಂಡಿರುವುದರಿಂದ ಅಲ್ಲಿ ತಡವರಿಕೆ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ 99ರ ಉಪಾಯವನ್ನು ಮದ್ದಿಗಿಂತ ಹೆಚ್ಚಾಗಿ ಪರೀಕ್ಷೆಯೆಂದು ಬಳಸಿ. ಅದರಿಂದ ಉಷ್ಣತೆ 20 ಡಿಗ್ರಿಯಷ್ಟು ಕುಸಿದರೆ ಟರ್ಬೊವೇ ಅಪರಾಧಿ ಎಂದು ಖಚಿತವಾಯಿತು. ಆಗ ಮತ್ತೆ 100ಕ್ಕೆ ಮರಳಿಸಿ, ತಯಾರಕರ ತಂತ್ರಾಂಶದಲ್ಲಿರುವ ಕಸ್ಟಮ್ ಮೋಡ್‌ನಲ್ಲಿಯೋ, ಇಂಟೆಲ್ ಆದರೆ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿಯೋ ಪ್ರೊಸೆಸರ್‌ನ ದೀರ್ಘಾವಧಿ ಮತ್ತು ಅಲ್ಪಾವಧಿ ವಿದ್ಯುತ್ ಮಿತಿಗಳನ್ನು 35ರಿಂದ 45 ವ್ಯಾಟ್‌ನ ನಡುವೆ ನಿಲ್ಲಿಸಿ. ಚಿಪ್ ತನ್ನ ಮಿತಿಯೊಳಗೆ ಎಷ್ಟು ವೇಗ ಸಾಧ್ಯವೋ ಅಷ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಇದಕ್ಕಿಂತ ಸಮತೂಕದ ಉಪಾಯ ಇನ್ನೊಂದಿಲ್ಲ, ಯಾಕೆಂದರೆ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಚಿಪ್‌ಗಳು ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಂಡಿರುತ್ತವೆ, ಪ್ರೊಸೆಸರ್ ಬಿಟ್ಟುಕೊಟ್ಟ ಶಾಖದ ಜಾಗ ಗ್ರಾಫಿಕ್ಸ್ ಚಿಪ್ಪಿಗೆ ಸಿಗುತ್ತದೆ.

ವೋಲ್ಟೇಜ್ ಇಳಿಸುವ ವಿಧಾನ, ಅಂದರೆ ಅಂಡರ್‌ವೋಲ್ಟಿಂಗ್, ವೇಗವನ್ನು ಬಿಟ್ಟುಕೊಡದೆ ಶಾಖ ತಗ್ಗಿಸುವ ದಾರಿ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಇದು ಒಂದು ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ತಯಾರಕರು ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶ) ಮಟ್ಟದಲ್ಲಿಯೇ ಅದಕ್ಕೆ ಬೀಗ ಜಡಿದರು. ಥ್ರಾಟಲ್‌ಸ್ಟಾಪ್‌ನಲ್ಲಿ ಆ ಭಾಗ ‘ಲಾಕ್ಡ್’ ಎಂದು ತೋರಿಸಿದರೆ ಬೀಗ ಮುರಿಯಲು ಹೋಗದೆ ಬಿಟ್ಟುಬಿಡಿ. ಗ್ರಾಫಿಕ್ಸ್ ಚಿಪ್ಪಿನ ಮಟ್ಟಿಗೆ ಎನ್‌ವಿಡಿಯಾದ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಾಗಿಲು ಈಗಲೂ ತೆರೆದಿದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವೋಲ್ಟೇಜ್ ಮತ್ತು ವೇಗದ ವಕ್ರರೇಖೆ ತೆರೆದುಕೊಳ್ಳುತ್ತದೆ. ಆಟದ ವೇಳೆ ನಿಮ್ಮ ಚಿಪ್ ಸಾಮಾನ್ಯವಾಗಿ ಓಡುವ ವೇಗವನ್ನು ನೋಡಿಕೊಂಡು, ರೇಖೆಯ ಮೇಲೆ ಸುಮಾರು 850 ಮಿಲಿವೋಲ್ಟ್‌ನ ಬಿಂದುವನ್ನು ಆ ವೇಗದ ಮಟ್ಟಕ್ಕೆ ಮೆಲ್ಲಗೆ ಎತ್ತಿ, ಅದರ ಬಲಕ್ಕಿರುವ ಬಿಂದುಗಳೆಲ್ಲ ಅದೇ ಎತ್ತರದಲ್ಲಿ ಸಮತಟ್ಟಾಗುವಂತೆ ಮಾಡಿ ಉಳಿಸಬೇಕು. ಆಟ ಮಧ್ಯದಲ್ಲಿ ಮುಚ್ಚಿಹೋದರೆ ಅಥವಾ ಪರದೆಯಲ್ಲಿ ಚುಕ್ಕೆ ಗೆರೆಗಳು ಕಂಡರೆ ವೇಗವನ್ನು 30 ಮೆಗಾಹರ್ಟ್ಸ್‌ನಂತೆ ಇಳಿಸುತ್ತಾ ಬನ್ನಿ. ಗಂಟೆಗಟ್ಟಲೆ ಆಡಿ ಸ್ಥಿರವಾಗಿದೆಯೆಂದು ಖಾತ್ರಿಯಾಗುವವರೆಗೆ ‘ವಿಂಡೋಸ್ ತೆರೆದ ಕೂಡಲೇ ಅನ್ವಯಿಸು’ ಎಂಬ ಗುಂಡಿಯನ್ನು ಒತ್ತದಿರುವುದು ಕ್ಷೇಮ.

ಕೋಣೆ, ಮೇಜು, ಗಾಳಿ

ಫ್ಯಾನ್‌ನಿಂದ ತಂಪಾಗುವ ಯಾವ ಯಂತ್ರವೂ ತನ್ನ ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು. ಕೋಣೆ 10 ಡಿಗ್ರಿ ಬಿಸಿಯಾದರೆ, ಫ್ಯಾನ್ ಮೊದಲೇ ಪೂರ್ಣ ವೇಗದಲ್ಲಿದ್ದಲ್ಲಿ, ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ 40 ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಕುಳಿತು ಆಡುವವರು, ತಂಪು ದೇಶದ ವಿಮರ್ಶಕರು 22 ಡಿಗ್ರಿಯ ಕೋಣೆಯಲ್ಲಿ ಅಳೆದು ಬರೆದ ಅಂಕಿಗಳನ್ನು ನಂಬಿ ತಮ್ಮ ಯಂತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ. ಏಪ್ರಿಲ್, ಮೇ ತಿಂಗಳಿಗೆ ಬೇರೆಯೇ ಒಂದು ಪ್ರೊಫೈಲ್ ಮಾಡಿಟ್ಟುಕೊಂಡು ವಿದ್ಯುತ್ ಮಿತಿಯನ್ನು ಇನ್ನೂ 10 ವ್ಯಾಟ್ ಇಳಿಸುವುದು ಜಾಣತನ.

ಹಾಸಿಗೆ, ದಿಂಬು, ತೊಡೆಯ ಮೇಲಿನ ಹೊದಿಕೆ ಇವು ತಳದ ಗಾಳಿಕಿಂಡಿಯನ್ನು ಮುಚ್ಚುತ್ತವೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಹಾಸ್ಟೆಲ್ಲುಗಳಲ್ಲಿ ಆಟ ನಡೆಯುವುದು ಮಂಚದ ಮೇಲೆಯೇ. ಗಟ್ಟಿ ಮೇಜಿನ ಮೇಲಿಟ್ಟು ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಎರಡು ಬಾಟಲಿ ಮುಚ್ಚಳಗಳಿದ್ದರೂ ಸಾಕು, ಗಾಳಿಕಿಂಡಿಗೆ ಮಾತ್ರ ಅಡ್ಡಬರಬಾರದು. ಬಿಸಿಗಾಳಿ ಹಿಂದಿನಿಂದ ಹೊರಬರುವ ಮಾದರಿಯಾದರೆ ಗೋಡೆಯಿಂದ ಒಂದು ಗೇಣು ದೂರವಿಡಿ. ಅಗ್ಗದ ಕೂಲಿಂಗ್ ಪ್ಯಾಡ್‌ಗಳಿಂದ ಸಿಗುವ ಲಾಭದಲ್ಲಿ ದೊಡ್ಡ ಪಾಲು ಈ ಎತ್ತರದ್ದೇ, ಬಣ್ಣಬಣ್ಣದ ದೀಪದ ಫ್ಯಾನ್‌ಗಳದ್ದಲ್ಲ. ಸುತ್ತಲೂ ಫೋಮ್ ಪಟ್ಟಿಯಿದ್ದು ಲ್ಯಾಪ್‌ಟಾಪ್ ತಳಕ್ಕೆ ಒತ್ತಿ ಕುಳಿತು ಒತ್ತಡದಿಂದ ಗಾಳಿ ನುಗ್ಗಿಸುವ ಮಾದರಿಗಳು ಮಾತ್ರ ನಿಜವಾಗಿ ಕೆಲಸ ಮಾಡುತ್ತವೆ. ಬೆಲೆ ಹೆಚ್ಚು, ಸದ್ದಂತೂ ಹೆಡ್‌ಫೋನ್ ಇಲ್ಲದೆ ಸಹಿಸಲಾಗದಷ್ಟು.

ಬಿಚ್ಚಿ ಶುಚಿಗೊಳಿಸುವುದು

ಇಷ್ಟೆಲ್ಲ ಮಾಡಿದ ಮೇಲೂ ಅಂಕಿಗಳು ಇಳಿಯದಿದ್ದರೆ, ಅಥವಾ ಒಂದು ವರ್ಷದ ಹಿಂದೆ ಇದೇ ಆಟದಲ್ಲಿ ಇದೇ ಕೋಣೆಯಲ್ಲಿ 80 ಇದ್ದದ್ದು ಈಗ 95 ಆಗಿದ್ದರೆ, ಒಳಗೆ ನೋಡಬೇಕು. ವಾರಂಟಿ ಇದ್ದರೆ ಮೊದಲು ಸರ್ವಿಸ್ ಸೆಂಟರ್‌ಗೆ ಇಮೇಲ್ ಬರೆದು, ತಳದ ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತದೆಯೇ ಎಂದು ಕೇಳಿ ಲಿಖಿತ ಉತ್ತರ ಪಡೆಯಿರಿ. ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಮುಂದೆ ನಿಲ್ಲುವುದಿಲ್ಲ. ನಿಮ್ಮ ಮಾದರಿಯನ್ನೇ ಬಿಚ್ಚುವ ವಿಡಿಯೊವನ್ನು ಪೂರ್ತಿ ನೋಡಿದ ನಂತರವೇ ಸ್ಕ್ರೂ ಮುಟ್ಟಿ. ಮುಚ್ಚಳ ತೆಗೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು.

ಫ್ಯಾನನ್ನು ಮೇಲಿನಿಂದ ನೋಡಿ ‘ಧೂಳೇ ಇಲ್ಲ’ ಎಂದು ಮುಚ್ಚಳ ಹಾಕಿಬಿಡಬೇಡಿ. ರೆಕ್ಕೆಗಳ ಮೇಲೆ ತೆಳು ಬೂದುಪದರ ಮಾತ್ರ ಇರಬಹುದು; ನಿಜವಾದ ಅಡ್ಡಿ ಕುಳಿತಿರುವುದು ಫ್ಯಾನ್ ಗಾಳಿಯನ್ನು ತಳ್ಳುವ ಬಾಯಿಗೂ ತಾಮ್ರದ ಕೊಳವೆಗಳ ತುದಿಯಲ್ಲಿರುವ ತೆಳು ತಗಡುಗಳ ಸಾಲಿಗೂ ನಡುವೆ. ಫ್ಯಾನಿನ ಮೇಲ್ತಗಡನ್ನು ಬಿಚ್ಚಿದಾಗ ಅಲ್ಲಿ ಕೂದಲು, ಬಟ್ಟೆಯ ಎಳೆ, ಅಗರಬತ್ತಿಯ ಹೊಗೆ, ಅಡುಗೆಯ ಎಣ್ಣೆಜಿಡ್ಡು ಎಲ್ಲ ಸೇರಿ ಕಂಬಳಿಯ ತುಂಡಿನಂತೆ ಹೆಣೆದುಕೊಂಡ ಒಂದು ಪಟ್ಟಿ ಸಿಗುತ್ತದೆ, ಚಿಮುಟದಿಂದ ಒಂದು ತುದಿ ಹಿಡಿದು ಎಳೆದರೆ ಇಡಿಯಾಗಿ ಕಿತ್ತುಬರುತ್ತದೆ. ಹೊರಗಿನಿಂದ ಬ್ಲೋವರ್ ಬಿಟ್ಟರೆ ಈ ಪಟ್ಟಿ ಹೊರಬರುವುದಿಲ್ಲ, ಹಿಂದಕ್ಕೆ ಸರಿದು ಫ್ಯಾನಿನೊಳಗೆ ಬೀಳುತ್ತದೆ ಅಷ್ಟೆ. ಗಾಳಿ ಊದುವಾಗ ರೆಕ್ಕೆಗಳು ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿಯಬೇಕು. ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಸ್ಥಿರವಿದ್ಯುತ್ ಹುಟ್ಟಿಸಬಹುದಾದ್ದರಿಂದ ಬೋರ್ಡಿನ ಹತ್ತಿರ ಬೇಡ. ಎಡೆಬಿಡದೆ ಕಟ್ಟಡ ಏಳುತ್ತಿರುವ ಬೆಂಗಳೂರಿನ ಬಡಾವಣೆಗಳಲ್ಲಿ, ಕೆಂಪು ಅದಿರುಧೂಳಿನ ಸಂಡೂರಿನ ಕಡೆ ಆರು ತಿಂಗಳಿಗೊಮ್ಮೆ ಇದನ್ನು ಮಾಡಿದರೂ ಹೆಚ್ಚಲ್ಲ.

ಪೇಸ್ಟ್ ಬದಲಿಸುವುದು ಇದರ ಮುಂದಿನ ಹಂತ, ಅಗತ್ಯ ಬಿದ್ದರೆ ಮಾತ್ರ. ತಾಮ್ರದ ಫಲಕದ ಸ್ಕ್ರೂಗಳ ಪಕ್ಕದಲ್ಲಿ 1, 2, 3 ಎಂದು ಅಂಕಿ ಮುದ್ರಿಸಿರುತ್ತಾರೆ. ಬಿಗಿಯುವಾಗ ಆ ಕ್ರಮದಲ್ಲಿ, ಬಿಚ್ಚುವಾಗ ಅದರ ತಿರುಗುಮುರುಗಾಗಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು, ಇಲ್ಲವಾದರೆ ಒತ್ತಡ ಒಂದೇ ಕಡೆ ಬಿದ್ದು ಚಿಪ್ಪಿನ ಅಂಚು ಮುಕ್ಕಾಗಬಹುದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಲ್ಯಾಪ್‌ಟಾಪ್ ಚಿಪ್ಪಿನ ಮೇಲೆ ಲೋಹದ ಮುಚ್ಚಳವಿರುವುದಿಲ್ಲ, ಕನ್ನಡಿಯಂಥ ಬರಿಯ ಸಿಲಿಕಾನ್ ಇರುತ್ತದೆ. ಆದ್ದರಿಂದ ಡೆಸ್ಕ್‌ಟಾಪ್‌ಗೆ ಹೇಳುವ ‘ನಡುವೆ ಒಂದು ಹನಿ’ ಇಲ್ಲಿ ಸಾಲದು, ನಾಲ್ಕೂ ಮೂಲೆ ಮುಚ್ಚುವಂತೆ ತೆಳುವಾಗಿ ಹರಡಬೇಕು. ತೀರಾ ನೀರಾಗಿರುವ ಪೇಸ್ಟ್‌ಗಳು ಬಿಸಿ ತಂಪುಗಳ ಸತತ ಹಿಗ್ಗು ಕುಗ್ಗಿನಲ್ಲಿ ಕೆಲವೇ ತಿಂಗಳಲ್ಲಿ ಬದಿಗೆ ಸರಿದುಬಿಡುತ್ತವೆ. ಹನಿವೆಲ್‌ನ ಪಿಟಿಎಂ7950 ಎಂಬ, ಪೇಸ್ಟಿನ ಬದಲು ಹಾಕುವ ಹಾಳೆ ಸುಮಾರು 45 ಡಿಗ್ರಿಯಲ್ಲಿ ಮೆದುವಾಗಿ ತಾನೇ ಹರಡಿಕೊಂಡು, ಹೀಗೆ ಸರಿಯದೆ ಉಳಿಯುವುದರಿಂದ ಲ್ಯಾಪ್‌ಟಾಪ್‌ಗೆ ಅದೇ ಮೇಲು. ನಕಲಿಗಳ ಹಾವಳಿ ಇರುವುದರಿಂದ ಮಾರುವವರನ್ನು ನೋಡಿ ಕೊಳ್ಳಿ.

ಮೆಮೊರಿ ಚಿಪ್‌ಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳು ಹರಿದಿದ್ದರೆ ಅದೇ ದಪ್ಪದವನ್ನೇ ಹಾಕಬೇಕು. ಅರ್ಧ ಮಿಲಿಮೀಟರ್ ದಪ್ಪವಾದರೂ ಫಲಕ ಎತ್ತಿಹಿಡಿದಂತಾಗಿ ಮುಖ್ಯ ಚಿಪ್ಪಿಗೆ ಸಂಪರ್ಕವೇ ತಪ್ಪುತ್ತದೆ, ಪೇಸ್ಟ್ ಬದಲಿಸಿದ ಮೇಲೆ ಉಷ್ಣತೆ ಇನ್ನೂ ಏರಿತು ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ತಯಾರಕರು ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ದ್ರವಲೋಹ) ಹಾಕಿದ ಮಾದರಿ ನಿಮ್ಮದಾದರೆ, ಆಸುಸ್‌ನ ಹಲವು ಆರ್‌ಒಜಿ ಯಂತ್ರಗಳಂತೆ, ಫಲಕವನ್ನು ಮನೆಯಲ್ಲಿ ಎತ್ತಲೇಬೇಡಿ. ಗ್ಯಾಲಿಯಂ ಮಿಶ್ರಿತ ಆ ದ್ರವ ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಉರುಳಿದರೆ ಯಂತ್ರವೇ ಹೋಯಿತು.

ಆಟ ನಿಲ್ಲಿಸಬೇಕಾದ ಲಕ್ಷಣಗಳು

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಉಬ್ಬಿದ್ದರೆ, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲುಗಾಡುತ್ತಿದ್ದರೆ ಬ್ಯಾಟರಿ ಊದಿಕೊಂಡಿದೆ. ಅದೇ ಕ್ಷಣ ಅಡಾಪ್ಟರ್ ತೆಗೆದು ಯಂತ್ರವನ್ನು ಆರಿಸಿ, ಚುಚ್ಚುವುದು, ಒತ್ತುವುದು ಏನನ್ನೂ ಮಾಡದೆ ಸರ್ವಿಸ್‌ಗೆ ಒಯ್ಯಿರಿ. ದಿನವೂ ಅಡಾಪ್ಟರ್ ಸಿಕ್ಕಿಸಿಯೇ ಆಡುವವರು ತಯಾರಕರ ತಂತ್ರಾಂಶದಲ್ಲಿ ಚಾರ್ಜಿಂಗ್ ಮಿತಿಯನ್ನು 80 ಪ್ರತಿಶತಕ್ಕೆ ಇಡುವುದರಿಂದ ಬ್ಯಾಟರಿಯ ಸವಕಳಿ ನಿಧಾನವಾಗುತ್ತದೆ, ಯಾಕೆಂದರೆ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕುಳಿತಷ್ಟೂ ಬೇಗ ಹಳತಾಗುತ್ತದೆ. ಫ್ಯಾನಿನಿಂದ ಗರಗರ ಸದ್ದು ಬರುತ್ತಿದ್ದರೆ, ಅಥವಾ ಆಟದ ವೇಳೆಯಲ್ಲೂ ಎಚ್‌ಡಬ್ಲ್ಯೂಇನ್ಫೋದಲ್ಲಿ ಎರಡರ ಪೈಕಿ ಒಂದು ಫ್ಯಾನಿನ ತಿರುಗುವೇಗ ಸೊನ್ನೆಯೆಂದು ತೋರಿಸುತ್ತಿದ್ದರೆ ಫ್ಯಾನನ್ನೇ ಬದಲಿಸಬೇಕು, ಎಣ್ಣೆ ಬಿಟ್ಟು ಒಂದೆರಡು ವಾರ ತಳ್ಳುವುದರಿಂದ ಪ್ರಯೋಜನವಿಲ್ಲ.

ಸರ್ವಿಸ್ ಸೆಂಟರ್‌ಗೆ ಹೋಗುವಾಗ ಮೊದಲು ಬರೆದಿಟ್ಟ ಚೀಟಿಯನ್ನು ಜೊತೆಗೆ ಒಯ್ಯಿರಿ. ‘ಬಹಳ ಬಿಸಿಯಾಗುತ್ತದೆ’ ಎಂದರೆ ‘ಗೇಮಿಂಗ್ ಲ್ಯಾಪ್‌ಟಾಪ್ ಅಲ್ಲವೇ, ಆಗುತ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘28 ಡಿಗ್ರಿ ಕೋಣೆಯಲ್ಲಿ ಬರೀ 38 ವ್ಯಾಟ್‌ಗೆ ಹತ್ತು ಸೆಕೆಂಡಿನಲ್ಲಿ 99 ಮುಟ್ಟುತ್ತದೆ, ಥ್ರಾಟ್ಲಿಂಗ್ ಸಾಲಿನಲ್ಲಿ ಯೆಸ್ ಇದೆ’ ಎಂದರೆ ಆ ಉತ್ತರ ನಡೆಯುವುದಿಲ್ಲ. ಕೆಲಸ ಮುಗಿಸಿ ವಾಪಸ್ ಕೊಡುವಾಗ ಅದೇ ಆಟವನ್ನು, ಅದೇ ಸೆಟ್ಟಿಂಗ್‌ನಲ್ಲಿ, ಅವರ ಮೇಜಿನ ಮೇಲೆಯೇ ಹತ್ತು ನಿಮಿಷ ಓಡಿಸಿ ಅಂಕಿ ನೋಡಿದ ಮೇಲೆ ಸಹಿ ಹಾಕಿ.